ಪಿಯು ಮುಗಿಸಿ ಹೋಟೆಲ್ ಲೈನಿಗೆ: ಫೀಸು ಕಟ್ಟುವ ಮೊದಲಿನಿಂದ ಕೆಲಸದಲ್ಲಿ ಮೇಲೇರುವವರೆಗೆ

ಪಿಯು ಫಲಿತಾಂಶ ಬಂದ ವಾರ ನನಗೆ ಊರಿನಿಂದ ಬರುವ ಫೋನುಗಳಲ್ಲಿ ಒಂದು ಪ್ರಶ್ನೆ ಖಾಯಂ: "ಮಗನಿಗೆ ಹೋಟೆಲ್ ಮ್ಯಾನೇಜ್‌ಮೆಂಟ್ ಮಾಡಿಸಿದರೆ ಹೇಗೆ ಮಾರಾಯ್ರೆ?" ಈಚೆಗೆ ಮಗಳಿಗಾಗಿ ಕೇಳುವವರೂ ಹೆಚ್ಚಾಗಿದ್ದಾರೆ, ಅದು ನನಗೆ ಬಹಳ ಸಂತೋಷದ ವಿಷಯ. ನಾನು ಕುಂದಾಪುರದ ಕಡೆಯವನು. ಹೋಟೆಲು ನಮ್ಮ ಕಡೆಗೆ ಹೊಸ ಮಾತಲ್ಲ. ಮನೆಯಲ್ಲಿ ಊಟಕ್ಕೆ ಕಷ್ಟವಾದ ಹುಡುಗ ಬಸ್ಸು ಹತ್ತಿ ಬೊಂಬಾಯಿಗೋ ಬೆಂಗಳೂರಿಗೋ ಹೋಗಿ, ಲೋಟ ತೊಳೆದು, ಟೇಬಲ್ ಒರೆಸಿ, ಮಾಣಿಯಾಗಿ, ಕೊನೆಗೆ ಗಲ್ಲಾದಲ್ಲಿ ಕೂತ ಕಥೆ ಎರಡು ಮೂರು ಮನೆಗೊಂದಾದರೂ ಸಿಗುತ್ತದೆ. ಅವರು ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ, ಕೆಲಸವನ್ನು ಮಾತ್ರ ಬುಡದಿಂದ ಕಲಿತರು. ಇವತ್ತು ಕಾಲೇಜುಗಳು ಬೇಕಾದಷ್ಟಿವೆ. ಆದರೂ ನಾಲ್ಕು ವರ್ಷ ಫೀಸು ಕಟ್ಟಿ ಪದವಿ ಪಡೆದು, ಈರುಳ್ಳಿಯನ್ನು ಒಂದೇ ಅಳತೆಗೆ ಹೆಚ್ಚಲು ಬಾರದ ಹುಡುಗರು ನನ್ನೆದುರು ಸಂದರ್ಶನಕ್ಕೆ ಕೂತಿದ್ದಾರೆ. ಅವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಎಲ್ಲಿ ಯಾವ ಹೆಜ್ಜೆ ಇಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಮೊದಲು ಕಿಚನ್ನಿನಲ್ಲಿ, ಆಮೇಲೆ ಹೋಟೆಲಿನ ತರಬೇತಿ ವಿಭಾಗದಲ್ಲಿ ದುಡಿದ ನನಗೆ ಇರುವುದು ಒಂದೇ ಅಳತೆಗೋಲು. ಇದು ನಿಂತು ಕಲಿಯುವ ಕಸುಬು. ಯಾವ ಕೋರ್ಸು, ಯಾವ ಕಾಲೇಜು, ಯಾವ ಟ್ರೇನಿಂಗು ಎಂಬ ಪ್ರಶ್ನೆ ಬಂದಾಗಲೆಲ್ಲ ಹೀಗೆ ಕೇಳಿಕೊಳ್ಳಿ: ಅಲ್ಲಿ ವಾರಕ್ಕೆ ಎಷ್ಟು ಗಂಟೆ ನಾನು ನಿಂತು, ನನ್ನ ಕೈಯಾರೆ ಕೆಲಸ ಮಾಡುತ್ತೇನೆ?

1. ಫೀಸು ಕಟ್ಟುವ ಮೊದಲು ಹದಿನೈದು ದಿನ ದುಡಿದು ನೋಡಿ

ಪರೀಕ್ಷೆ ಮುಗಿದ ಮೇಲಿನ ರಜೆ ಇದಕ್ಕೆ ಹೇಳಿಮಾಡಿಸಿದ ಸಮಯ. ಫೈವ್ ಸ್ಟಾರ್ ಹೋಟೆಲೇ ಆಗಬೇಕೆಂದಿಲ್ಲ. ನಿಮ್ಮೂರಿನ ಒಳ್ಳೆಯ ಲಾಡ್ಜು, ದರ್ಶಿನಿ, ಹೋಮ್‌ಸ್ಟೇ, ಮದುವೆ ಅಡುಗೆಯ ಭಟ್ಟರ ತಂಡ, ಯಾವುದಾದರೂ ಸರಿ. ಮನೆಯವರ ಒಪ್ಪಿಗೆ ಪಡೆದು, ಮಾಲೀಕರಿಗೆ ನೀವು ಯಾಕೆ ಬಂದಿದ್ದೀರಿ ಎಂದು ತಿಳಿಸಿಯೇ ಸೇರಿಕೊಳ್ಳಿ.

ನಾನು ಪಿಯು ಮುಗಿಸಿದ ವರ್ಷ ಚಿಕ್ಕಪ್ಪನ ಜೊತೆ ಮದುವೆ ಅಡುಗೆಗೆ ಹೋಗಿದ್ದೆ. ಮೊದಲ ದಿನ ಬೆಳಗಿನಿಂದ ತೆಂಗಿನಕಾಯಿ ತುರಿದದ್ದೇ ತುರಿದದ್ದು. ರಾತ್ರಿ ಬೆರಳು ಮಡಚಲಿಕ್ಕೆ ಆಗಲಿಲ್ಲ. ಮರುದಿನ ನಾಲ್ಕು ಗಂಟೆಗೆ ಚಿಕ್ಕಪ್ಪ ಎಬ್ಬಿಸಿದಾಗ ಎದ್ದು ಹೋದೆ. ಆ ಎರಡನೇ ದಿನ ಎದ್ದು ಹೋಗಬೇಕು ಅನ್ನಿಸುತ್ತದೋ ಇಲ್ಲವೋ ಎಂಬುದನ್ನೇ ನೀವೂ ಪರೀಕ್ಷಿಸಿಕೊಳ್ಳಬೇಕು. ಕಾಲು ನೋಯುತ್ತದೆ, ಅದು ಎಲ್ಲರಿಗೂ ನೋಯುತ್ತದೆ. ಬೇರೆಯವರು ಉಂಡು ಬಿಟ್ಟ ತಟ್ಟೆ ಎತ್ತುವಾಗ ಮನಸ್ಸು ಹಿಂಜರಿಯುತ್ತದೋ? ಎಲ್ಲರ ಎದುರು ಯಾರಾದರೂ ಗದರಿದರೆ ಹತ್ತು ನಿಮಿಷದಲ್ಲಿ ಮರೆತು ಕೆಲಸಕ್ಕೆ ಮರಳುತ್ತೀರೋ? ಪಂಕ್ತಿ ಎದ್ದ ಮೇಲೆ ಯಾರೋ ಅಜ್ಜ ಕೈ ತೊಳೆಯುತ್ತ "ಸಾರು ಲಾಯ್ಕ್ ಇತ್ತು" ಅಂದರೆ ನಿಮಗೆ ಖುಷಿಯಾಗುತ್ತದೋ? ಹಬ್ಬದ ದಿನ ಊರೆಲ್ಲ ರಜೆಯಲ್ಲಿರುವಾಗ ಈ ಕೆಲಸದಲ್ಲಿ ದುಪ್ಪಟ್ಟು ದುಡಿಮೆ. ದೀಪಾವಳಿಗೆ, ಚೌತಿಗೆ ಮನೆಗೆ ಬರಲಾಗದ ವರ್ಷಗಳು ಇರುತ್ತವೆ ಎಂದು ತಂದೆತಾಯಿಗೂ ಮೊದಲೇ ಗೊತ್ತಿರಲಿ.

ಹದಿನೈದು ದಿನದ ಕೊನೆಗೆ ಬೇಡ ಅನ್ನಿಸಿದರೆ ನೀವು ಸೋತಿಲ್ಲ, ಲಕ್ಷಗಟ್ಟಲೆ ಫೀಸು ಉಳಿಸಿದ್ದೀರಿ.

2. ನಾಲ್ಕು ವಿಭಾಗಗಳ ಪರಿಚಯ ಮಾಡಿಕೊಳ್ಳಿ

ಹೋಟೆಲ್ ಮ್ಯಾನೇಜ್‌ಮೆಂಟ್ ಅಂದರೆ ಅಡುಗೆ ಎಂದೇ ಬಹಳ ಜನ ತಿಳಿದಿದ್ದಾರೆ. ಕಾಲೇಜಿನಲ್ಲಿ ಕಲಿಸುವುದು ಮುಖ್ಯವಾಗಿ ನಾಲ್ಕು ವಿಭಾಗ: ಫುಡ್ ಪ್ರೊಡಕ್ಷನ್, ಅಂದರೆ ಕಿಚನ್ನು ಮತ್ತು ಬೇಕರಿ, ಫುಡ್ ಅಂಡ್ ಬೆವರೇಜ್ ಸರ್ವಿಸ್, ಅಂದರೆ ಬಡಿಸುವ ಕಡೆ, ಫ್ರಂಟ್ ಆಫೀಸ್, ಅಂದರೆ ರಿಸೆಪ್ಷನ್, ಬುಕಿಂಗು, ಮತ್ತು ಹೌಸ್‌ಕೀಪಿಂಗ್. ಇವುಗಳ ಜೊತೆ ಲೆಕ್ಕಪತ್ರ, ಆಹಾರದ ಪೌಷ್ಟಿಕತೆ, ಶುಚಿತ್ವ, ಕಂಪ್ಯೂಟರು, ಸ್ವಲ್ಪ ಫ್ರೆಂಚ್.

ಟಿವಿಯ ಅಡುಗೆ ಕಾರ್ಯಕ್ರಮ ನೋಡಿ ಬಂದವರೆಲ್ಲ ಶೆಫ್ ಆಗಬೇಕೆನ್ನುತ್ತಾರೆ. ಹೌಸ್‌ಕೀಪಿಂಗ್ ಎಂದರೆ ಮೂಗು ಮುರಿಯುತ್ತಾರೆ, "ಕಸ ಗುಡಿಸಲು ಡಿಗ್ರಿ ಬೇಕಾ" ಎನ್ನುತ್ತಾರೆ. ಇನ್ನೂರು ರೂಮಿನ ಹೋಟೆಲಿನಲ್ಲಿ ಎಕ್ಸಿಕ್ಯುಟಿವ್ ಹೌಸ್‌ಕೀಪರ್ ಎಂದರೆ ದೊಡ್ಡ ಬಜೆಟ್ಟು, ಲಾಂಡ್ರಿ, ಲಿನನ್ ಸ್ಟಾಕು, ಹತ್ತಾರು ಜನರ ಡ್ಯೂಟಿ ಪಟ್ಟಿ ಎಲ್ಲವನ್ನೂ ನಡೆಸುವವರು. ಆಸ್ಪತ್ರೆ, ಐಟಿ ಕಂಪನಿಗಳ ಕ್ಯಾಂಪಸ್ಸು, ವಿಮಾನ ನಿಲ್ದಾಣಗಳಲ್ಲೂ ಈ ಕೆಲಸ ಬಲ್ಲವರಿಗೆ ಬೇಡಿಕೆ ಇದೆ. ಪೈಪೋಟಿ ಕಡಿಮೆ ಇರುವುದರಿಂದ ಇಲ್ಲಿ ಬೇಗ ಮೇಲೇರಿದ ಹೆಣ್ಣುಮಕ್ಕಳನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಮೊದಲ ವರ್ಷ ಯಾವ ವಿಭಾಗಕ್ಕೂ ಬೇಡ ಅನ್ನಬೇಡಿ.

3. ನಿಮ್ಮ ಓದಿಗೆ ಯಾವ ಬಾಗಿಲು?

ಎಲ್ಲರೂ ಡಿಗ್ರಿಯನ್ನೇ ಮಾಡಬೇಕಿಲ್ಲ. ಎಂಟನೇ ತರಗತಿ ಪಾಸಾಗಿ ಓದು ನಿಲ್ಲಿಸಿದವರಿಗೆ ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2009ರಲ್ಲಿ 'ಹುನರ್ ಸೆ ರೋಜ್‌ಗಾರ್ ತಕ್' ಎಂಬ ಉಚಿತ ಅಲ್ಪಾವಧಿ ತರಬೇತಿ ಆರಂಭಿಸಿತು. ಅಡುಗೆ, ಬಡಿಸುವಿಕೆ ಮುಂತಾದ ಕೆಲಸಗಳನ್ನು ಸರ್ಕಾರಿ ಸಂಸ್ಥೆಗಳಲ್ಲಿ ಕಲಿಸುವ ಯೋಜನೆ ಅದು. ಈಗ ಯಾವ ಬ್ಯಾಚುಗಳು ನಡೆಯುತ್ತಿವೆ ಎಂಬುದನ್ನು ಹತ್ತಿರದ ಸರ್ಕಾರಿ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲೇ ಕೇಳಿ. ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐಯಲ್ಲಿ ಒಂದು ವರ್ಷದ ಫುಡ್ ಪ್ರೊಡಕ್ಷನ್ ಟ್ರೇಡು ಇದೆ. ಫುಡ್ ಪ್ರೊಡಕ್ಷನ್, ಬೇಕರಿ, ಫ್ರಂಟ್ ಆಫೀಸ್‌ಗಳಿಗೆ ಒಂದೂವರೆ ವರ್ಷದ ಡಿಪ್ಲೊಮಾ, ಕ್ರಾಫ್ಟ್ ಕೋರ್ಸುಗಳೂ ಇವೆ. ಮನೆಯಲ್ಲಿ ಬೇಗ ಸಂಬಳ ಬೇಕಾಗಿರುವವರಿಗೆ ಇವು ನಾಲ್ಕು ವರ್ಷದ ಡಿಗ್ರಿಗಿಂತ ಒಳ್ಳೆಯವು. ಕಿಚನ್ನಿನೊಳಗೆ ಮೊದಲ ಮೂರು ವರ್ಷ ಯಾರೂ ನಿಮ್ಮ ಡಿಗ್ರಿ ಕೇಳುವುದಿಲ್ಲ. ಮುಂದೆ ಮ್ಯಾನೇಜರ್ ಹುದ್ದೆಗೆ ಬಂದಾಗ ಡಿಗ್ರಿ ಬೇಕಾಗುತ್ತದೆ, ಅದನ್ನು ದೂರಶಿಕ್ಷಣದಲ್ಲಿ ಮಾಡಿಕೊಂಡವರಿದ್ದಾರೆ.

ಪಿಯು ಆದವರಿಗೆ ದೊಡ್ಡ ಬಾಗಿಲು ಎರಡು. ಒಂದು, 1982ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ರಾಷ್ಟ್ರೀಯ ಹೋಟೆಲ್ ಮ್ಯಾನೇಜ್‌ಮೆಂಟ್ ಮಂಡಳಿಯ ಅಡಿಯಲ್ಲಿ ಬರುವ ಐಎಚ್‌ಎಂಗಳ, ಅಂದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಗಳ, ಮೂರು ವರ್ಷದ ಬಿಎಸ್ಸಿ. ದೇಶದಲ್ಲಿ 21 ಕೇಂದ್ರೀಯ ಐಎಚ್‌ಎಂಗಳಿವೆ. ಕರ್ನಾಟಕದ್ದು ಬೆಂಗಳೂರಿನ ಶೇಷಾದ್ರಿ ರಸ್ತೆಯಲ್ಲಿ, ಎಸ್‌ಜೆ ಪಾಲಿಟೆಕ್ನಿಕ್ ಆವರಣದಲ್ಲಿದೆ. ಇನ್ನೊಂದು, ವಿಶ್ವವಿದ್ಯಾಲಯಗಳ ಅಡಿಯ ನಾಲ್ಕು ವರ್ಷದ ಬಿಎಚ್‌ಎಂ, ಅಂದರೆ ಹೋಟೆಲ್ ಮ್ಯಾನೇಜ್‌ಮೆಂಟ್ ಪದವಿ. ಬೆಂಗಳೂರು, ಮೈಸೂರು, ಮಂಗಳೂರುಗಳಲ್ಲಿ ಖಾಸಗಿ ಕಾಲೇಜುಗಳು ಬಹಳ. 1986ರಲ್ಲಿ ಐಟಿಸಿಯ ವೆಲ್‌ಕಮ್‌ಗ್ರೂಪ್ ಜೊತೆ ಸೇರಿ ಮಣಿಪಾಲದಲ್ಲಿ ಆರಂಭವಾದ ವೆಲ್‌ಕಮ್‌ಗ್ರೂಪ್ ಪದವಿ ಶಾಲೆ ಅವುಗಳಲ್ಲಿ ಹೆಸರುವಾಸಿ. ಶೆಫ್ ವಿಕಾಸ್ ಖನ್ನಾ ಓದಿದ್ದು ಅಲ್ಲೇ. ಅಲ್ಲಿಗೆ ಪ್ರವೇಶವೂ ಬೇರೆ, ಫೀಸೂ ಸರ್ಕಾರಿ ಸಂಸ್ಥೆಗಿಂತ ಬಹಳ ಹೆಚ್ಚು. ಅಡುಗೆಯೊಂದರಲ್ಲೇ ಮನಸ್ಸಿರುವವರು ತಿರುಪತಿಯ ಇಂಡಿಯನ್ ಕಲಿನರಿ ಇನ್‌ಸ್ಟಿಟ್ಯೂಟನ್ನೂ ವಿಚಾರಿಸಬಹುದು.

ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ಆಗುತ್ತದೆ. "ಬಿಎಸ್ಸಿ ಅಂತಿದೆ, ನನ್ನದು ಆರ್ಟ್ಸ್" ಎಂದು ಸುಮ್ಮನಾದ ಒಬ್ಬ ಹುಡುಗಿಯ ನೆನಪು ನನಗಿನ್ನೂ ಇದೆ. ಪಿಯುನಲ್ಲಿ ಇಂಗ್ಲಿಷ್ ಒಂದು ವಿಷಯವಾಗಿ ಓದಿ ಪಾಸಾಗಿದ್ದರೆ ಸಾಕು.

4. ಐಎಚ್‌ಎಂ ಪ್ರವೇಶ ಪರೀಕ್ಷೆ

ಇದರ ಹೆಸರು ಎನ್‌ಸಿಎಚ್‌ಎಂ ಜೆಇಇ. ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಎನ್‌ಟಿಎ. ನಮ್ಮ ಸಿಇಟಿಗೂ ಇದಕ್ಕೂ ಸಂಬಂಧವಿಲ್ಲ, ಇದಕ್ಕೆ ಬೇರೆಯಾಗಿ ಅರ್ಜಿ ಹಾಕಬೇಕು. ಇದು ಗೊತ್ತಿಲ್ಲದೆ ಸಿಇಟಿ ಕೌನ್ಸೆಲಿಂಗಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಹುಡುಕಿ ವರ್ಷ ಕಳೆದುಕೊಳ್ಳುವವರಿದ್ದಾರೆ. ಈಚಿನ ವರ್ಷಗಳಲ್ಲಿ ಅರ್ಜಿ ಡಿಸೆಂಬರ್–ಫೆಬ್ರುವರಿ ಹೊತ್ತಿಗೆ ಶುರುವಾಗಿದೆ, ಪರೀಕ್ಷೆ ಏಪ್ರಿಲ್ ಕೊನೆಯಿಂದ ಜೂನ್ ನಡುವೆ ನಡೆದಿದೆ. ಅಂದರೆ ಪಿಯು ವಾರ್ಷಿಕ ಪರೀಕ್ಷೆಗೆ ಮೊದಲೇ ಅರ್ಜಿ ಹಾಕಿರಬೇಕು. ಫಲಿತಾಂಶ ಬಂದ ಮೇಲೆ ನನಗೆ ಫೋನು ಮಾಡುವವರಿಗೆ ಆ ವರ್ಷದ ಬಾಗಿಲು ಆಗಲೇ ಮುಚ್ಚಿರುತ್ತದೆ.

ಪ್ರಶ್ನೆಗಳು ಐದು ಭಾಗದಲ್ಲಿರುತ್ತವೆ: ಲೆಕ್ಕ, ತರ್ಕ, ಸಾಮಾನ್ಯ ಜ್ಞಾನ, ಇಂಗ್ಲಿಷ್ ಮತ್ತು ಸೇವಾ ವಲಯದ ಮನೋಭಾವ. ತಪ್ಪು ಉತ್ತರಕ್ಕೆ ಅಂಕ ಕಡಿತವಿದೆ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಅನ್ಯಾಯವೇ ಎಂದು ನಾನು ನಂಬಿದ್ದೇನೆ, ಆದರೆ ಬದಲಾಗುವವರೆಗೆ ತಯಾರಿ ಮಾಡಿಕೊಳ್ಳಲೇಬೇಕು. ಹತ್ತನೇ ತರಗತಿ ಮಟ್ಟದ ಶೇಕಡಾವಾರು, ಅನುಪಾತ, ಸರಾಸರಿ ಲೆಕ್ಕಗಳನ್ನು ಇಂಗ್ಲಿಷಿನಲ್ಲಿ ಓದಿ ಬಿಡಿಸುವುದನ್ನು ಅಭ್ಯಾಸ ಮಾಡಿ. ನಮ್ಮ ಮಕ್ಕಳಿಗೆ ಲೆಕ್ಕ ಬರುತ್ತದೆ, ತೊಡಕಾಗುವುದು ಅದನ್ನು ಕೇಳಿರುವ ಭಾಷೆ. ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಒಂದು ಪುಟ ಗಟ್ಟಿಯಾಗಿ ಓದಿ. ಸೇವಾ ಮನೋಭಾವದ ಪ್ರಶ್ನೆಗಳು ಹೀಗಿರುತ್ತವೆ: ಸಿಟ್ಟಾದ ಗ್ರಾಹಕ ಎದುರಿಗಿದ್ದಾನೆ, ಜೊತೆಯವನು ತಪ್ಪು ಮಾಡಿದ್ದಾನೆ, ನೀವೇನು ಮಾಡುತ್ತೀರಿ? ಮೊದಲ ಹೆಜ್ಜೆಯ ಹದಿನೈದು ದಿನ ದುಡಿದವರಿಗೆ ಇದಕ್ಕೆ ಕೋಚಿಂಗ್ ಬೇಕಾಗುವುದಿಲ್ಲ.

ಕಾಗದಪತ್ರದಲ್ಲಿ ಒಂದು ಎಚ್ಚರಿಕೆ. ನಮ್ಮ ರಾಜ್ಯದ 2ಎ, 3ಬಿ ಪ್ರಮಾಣಪತ್ರಗಳು ಇಲ್ಲಿ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿ ಬೇರೆ. ನಿಮ್ಮ ಜಾತಿ ಆ ಪಟ್ಟಿಯಲ್ಲಿದೆಯೇ ನೋಡಿಕೊಂಡು, ನಾಡಕಚೇರಿಯಲ್ಲಿ ಕೇಂದ್ರದ ನಮೂನೆಯ ಪ್ರಮಾಣಪತ್ರ ಎಂದು ಬಿಡಿಸಿ ಹೇಳಿ ಮಾಡಿಸಿಕೊಳ್ಳಿ. ಇಡಬ್ಲ್ಯೂಎಸ್ ಕೂಡ ಹಾಗೆಯೇ. ಸೀಟು ಸಿಕ್ಕ ಮೇಲೆ ವೈದ್ಯರಿಂದ ದೈಹಿಕ ಕ್ಷಮತೆಯ ಪ್ರಮಾಣಪತ್ರವೂ ಬೇಕು.

5. ಕಾಲೇಜಿಗೆ ಹೋಗಿ ಕಣ್ಣಾರೆ ನೋಡಿ

ಬ್ರೋಷರಿನಲ್ಲಿ ಬಿಳಿ ಟೋಪಿ ಹಾಕಿದ ಮಕ್ಕಳ ಫೋಟೊ ಎಲ್ಲ ಕಾಲೇಜಿನದ್ದೂ ಒಂದೇ ಥರ. ತಂದೆಯನ್ನೋ ಅಣ್ಣನನ್ನೋ ಕರೆದುಕೊಂಡು, ತರಗತಿ ನಡೆಯುವ ದಿನವೇ ಹೋಗಿ. ಆಫೀಸಿನಲ್ಲಿ ಕೂರಿಸಿ ಮಾತಾಡಿಸಿದರೆ ಮುಗಿಸಿಕೊಂಡು "ಕಿಚನ್ ತೋರಿಸಿ" ಅನ್ನಿ.

ಒಳಗೆ ಹೋದ ಮೇಲೆ ಮೊದಲು ಮೂಗಿಗೆ ಕೆಲಸ ಕೊಡಿ. ದಿನವೂ ಅಡುಗೆ ಆಗುವ ಕಿಚನ್ನಿಗೆ ಬೆಂದ ಈರುಳ್ಳಿಯ, ಎಣ್ಣೆಯ, ಸೋಪಿನ ವಾಸನೆ ಇರುತ್ತದೆ. ಒಲೆಯ ಬರ್ನರುಗಳ ಮೇಲೆ ಮಸಿ ಇರಬೇಕು, ಚಾಕುಹಲಗೆಗಳ ಮೇಲೆ ಗೀರು ಇರಬೇಕು. ಎಲ್ಲವೂ ಅಂಗಡಿಯಿಂದ ತಂದ ಹಾಗೆ ಹೊಳೆಯುತ್ತಿದ್ದರೆ ಅಲ್ಲಿ ಅಡುಗೆ ನಡೆಯುತ್ತಿಲ್ಲ. ಒಂದು ಬ್ಯಾಚಿಗೆ ಎಷ್ಟು ಮಕ್ಕಳು, ಎಷ್ಟು ಒಲೆ? ನಾಲ್ಕು ಜನ ಒಂದು ಒಲೆಗೆ ನಿಂತರೆ ಒಬ್ಬ ಮಾಡುತ್ತಾನೆ, ಮೂವರು ನೋಡುತ್ತಾರೆ. ವಾರಕ್ಕೆ ಎಷ್ಟು ಪ್ರಾಕ್ಟಿಕಲ್? ತರಕಾರಿ, ಮಾಂಸದ ಸಾಮಾನು ಯಾರು ತರುತ್ತಾರೆ, ಫೀಸಿನಲ್ಲಿ ಸೇರಿದೆಯೋ ಬೇರೆ ದುಡ್ಡೋ? ಶಾಕಾಹಾರಿ ಮಕ್ಕಳಿಗೆ ಏನು ವ್ಯವಸ್ಥೆ ಎಂದೂ ಕೇಳಿ. ಮಾಂಸ ಮುಟ್ಟದೆ ಕಲಿಯುವ ಏರ್ಪಾಡು ಎಲ್ಲ ಕಡೆ ಇರುವುದಿಲ್ಲ, ಸೇರಿದ ಮೇಲೆ ಗೊತ್ತಾದರೆ ಕಷ್ಟ.

ಆಮೇಲೆ ಅಂತಿಮ ವರ್ಷದ ನಾಲ್ಕೈದು ಮಕ್ಕಳನ್ನು ಕ್ಯಾಂಟೀನಿನಲ್ಲಿ ಹಿಡಿದು ಮಾತಾಡಿಸಿ. "ಟ್ರೇನಿಂಗ್ ಎಲ್ಲಿ ಮಾಡಿದ್ರಿ? ಹೋಟೆಲು ಹುಡುಕಿದ್ದು ಕಾಲೇಜೋ ನೀವೋ?" ಈ ಎರಡು ಪ್ರಶ್ನೆಗೆ ಸಿಗುವ ಉತ್ತರ, "ನೂರಕ್ಕೆ ನೂರು ಪ್ಲೇಸ್‌ಮೆಂಟ್" ಎಂಬ ಬೋರ್ಡಿಗಿಂತ ನಂಬಿಕೆಗೆ ಅರ್ಹ. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು, ಅದಕ್ಕೆ ಯುಜಿಸಿ ಮಾನ್ಯತೆ ಇದೆಯೇ ಎಂದು ವಿಶ್ವವಿದ್ಯಾಲಯದ ಕಡೆಯಿಂದಲೇ ಖಾತ್ರಿ ಮಾಡಿಕೊಳ್ಳಿ. ಹೊರದೇಶದ ಡಿಪ್ಲೊಮಾ ಉಚಿತ, ವಿದೇಶಿ ಇಂಟರ್ನ್‌ಶಿಪ್ ಗ್ಯಾರಂಟಿ ಎಂದು ಹೇಳುವ ಕಡೆ ಆ ಮಾತನ್ನು ಕಾಗದದ ಮೇಲೆ ಬರೆದುಕೊಡಿ ಎನ್ನಿ.

6. ದುಡ್ಡಿನ ವ್ಯವಸ್ಥೆ

ಬೋಧನಾ ಫೀಸಿಗೆ ಸಮವಸ್ತ್ರ, ಚಾಕುಗಳ ಸೆಟ್ಟು, ಜಾರದ ಶೂ, ಹಾಸ್ಟೆಲು, ಟ್ರೇನಿಂಗಿಗೆ ಬೇರೆ ಊರಿಗೆ ಹೋದಾಗಿನ ಬಾಡಿಗೆ ಸೇರಿಸಿ ಲೆಕ್ಕ ಹಾಕಿ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಅರ್ಜಿ, ಅಲ್ಪಸಂಖ್ಯಾತ ಸಮುದಾಯದವರಿಗೆ ಅರಿವು ಸಾಲ, ಬ್ಯಾಂಕ್ ಸಾಲಕ್ಕೆ ವಿದ್ಯಾಲಕ್ಷ್ಮಿ ಪೋರ್ಟಲು. ಸಾಲ ಮಾಡುವ ಮೊದಲು ಒಂದು ಕಟು ಲೆಕ್ಕ: ಹೋಟೆಲಿನ ಮೊದಲ ಸಂಬಳ ಸಾಫ್ಟ್‌ವೇರಿನವರಂತೆ ಇರುವುದಿಲ್ಲ. ಮೊದಲ ಎರಡು ವರ್ಷದ ಸಂಬಳದಲ್ಲಿ ಕಂತು ಕಟ್ಟಿ ಬದುಕಬಹುದೇ ಎಂದು ನೋಡಿ. ಆಗುವುದಿಲ್ಲವಾದರೆ ಕಡಿಮೆ ಫೀಸಿನ ಸಂಸ್ಥೆಯನ್ನೇ ಆರಿಸಿ, ಸಂಕೋಚ ಬೇಡ.

ಇನ್ನೊಂದು ದಾರಿ ಬಹಳ ಜನರಿಗೆ ಗೊತ್ತಿಲ್ಲ. ಪಿಯು ಆದವರನ್ನು ನೇರವಾಗಿ ತೆಗೆದುಕೊಂಡು, ಕೆಲಸ ಮಾಡಿಸುತ್ತಲೇ ಮೂರು ವರ್ಷ ಓದಿಸುವ ಒಬೆರಾಯ್ ಸಮೂಹದ 'ಸ್ಟೆಪ್' ಕಾರ್ಯಕ್ರಮ. ಸ್ಪರ್ಧೆ ತೀವ್ರವಾಗಿದೆ, ಇಂಗ್ಲಿಷ್ ಮಾತು ಚೆನ್ನಾಗಿರಬೇಕು. ಮನೆಯ ಮೇಲೆ ಭಾರ ಹಾಕಲು ಇಷ್ಟವಿಲ್ಲದವರು ಪ್ರಯತ್ನಿಸಲೇಬೇಕು.

7. ಟ್ರೇನಿಂಗ್: ಇಡೀ ಓದಿನ ತಿರುಳು

ಬಿಎಸ್ಸಿಯ ಎರಡನೇ ವರ್ಷದಲ್ಲಿ ಒಂದು ಸೆಮಿಸ್ಟರು ಪೂರ್ತಿ ಹೋಟೆಲಿನಲ್ಲಿ ಕಳೆಯಬೇಕು. ಬಿಎಚ್‌ಎಂನಲ್ಲೂ ಇಂಥದ್ದೇ ಅವಧಿ ಇದೆ. ಮಕ್ಕಳು ಇದನ್ನು 'ಐಟಿ' ಎನ್ನುತ್ತಾರೆ, ಇಂಡಸ್ಟ್ರಿಯಲ್ ಟ್ರೇನಿಂಗ್. ನಾಲ್ಕೂ ವಿಭಾಗಗಳಲ್ಲಿ ಕೆಲವು ವಾರ ಇರಬೇಕು.

ಹೋಟೆಲಿನ ಕಡೆ ಕೂತು ಟ್ರೇನಿಗಳನ್ನು ನೋಡಿದವನಾಗಿ ಹೇಳುತ್ತೇನೆ, ಮೊದಲ ವಾರ ನಿಮ್ಮನ್ನು ಯಾರೂ ಮಾತಾಡಿಸುವುದಿಲ್ಲ. ಕಿಚನ್ನಿನಲ್ಲಿ ಮೂವತ್ತು ಕಿಲೋ ಆಲೂಗಡ್ಡೆ ಮುಂದಿಟ್ಟು ಹೋಗುತ್ತಾರೆ. ನಾನು ಟ್ರೇನಿಯಾಗಿದ್ದ ಹೋಟೆಲೊಂದರಲ್ಲಿ ನನ್ನನ್ನು ಇಪ್ಪತ್ತೆರಡು ದಿನ ಬೆಳ್ಳುಳ್ಳಿ ಸುಲಿಯುವ ಮೂಲೆಯಲ್ಲೇ ಬಿಟ್ಟಿದ್ದರು. ದಿನಚರಿ ಪುಸ್ತಕಕ್ಕೆ ಸಹಿ ಮಾತ್ರ ಎಲ್ಲ ಸೆಕ್ಷನ್ನಿನದ್ದೂ ಬಿತ್ತು. ಇಪ್ಪತ್ತಮೂರನೇ ದಿನ ನಾನೇ ಹೋಗಿ ಸೂ ಶೆಫ್, ಅಂದರೆ ಮುಖ್ಯ ಶೆಫ್ ಕೈಕೆಳಗಿನ ಎರಡನೇ ಶೆಫ್ ಹತ್ತಿರ ಕೇಳಿದೆ: "ಶೆಫ್, ನನ್ನ ಕೆಲಸ ಹನ್ನೊಂದು ಗಂಟೆಗೆ ಮುಗಿಸುತ್ತೇನೆ, ಆಮೇಲೆ ಸಾಸ್ ಸೆಕ್ಷನ್ನಿನಲ್ಲಿ ನಿಲ್ಲಬಹುದಾ?" ಅವರು ನನ್ನನ್ನು ಒಮ್ಮೆ ನೋಡಿ "ನಿಲ್ಲು" ಅಂದರು. ಅಷ್ಟೇ ಬೇಕಾಗಿದ್ದುದು. ಮೊದಲ ದಿನವೇ ಕೇಳಬಹುದಿತ್ತಲ್ಲ ಎಂದು ಈಗಲೂ ಅನ್ನಿಸುತ್ತದೆ. ಆದ್ದರಿಂದ ಕೇಳಿ. ಕೊಟ್ಟ ಕೆಲಸ ಮುಗಿಸಿ, ಮುಗಿಸಿದ್ದನ್ನು ತೋರಿಸಿ, ಮುಂದಿನದ್ದನ್ನು ಕೇಳಿ.

ಜೇಬಿನಲ್ಲಿ ಹಿಡಿಸುವ ನೋಟುಬುಕ್ಕು, ಎರಡು ಪೆನ್ನು, ಬ್ಯಾಂಡೇಜು ಸದಾ ಇರಲಿ. ರೆಸಿಪಿಯನ್ನು ಅಳತೆ ಸಮೇತ ಬರೆದುಕೊಳ್ಳಿ. ಮನೆಯಲ್ಲಿ ಕಣ್ಣಳತೆ, ಇಲ್ಲಿ ಗ್ರಾಂ ಲೆಕ್ಕ. 'ಮಿಸ್ ಆನ್ ಪ್ಲಾಸ್' ಎಂದು ಕಾಲೇಜಿನಲ್ಲಿ ಕೇಳಿರುತ್ತೀರಿ, ಸರ್ವಿಸ್ ಶುರುವಾಗುವ ಮೊದಲು ಎಲ್ಲವನ್ನೂ ಹೆಚ್ಚಿ, ಅಳೆದು, ಕೈಗೆಟಕುವಲ್ಲಿ ಇಟ್ಟುಕೊಳ್ಳುವುದು. ನಮ್ಮ ಮದುವೆಮನೆ ಭಟ್ಟರು ಹಿಂದಿನ ರಾತ್ರಿಯೇ ಹಿಟ್ಟು, ಹೋಳು, ಮಸಾಲೆ ಸಾಲಾಗಿ ಜೋಡಿಸಿಡುವುದೂ ಅದನ್ನೇ. ಹೌಸ್‌ಕೀಪಿಂಗಿನಲ್ಲಿ ಒಂದು ರೂಮು ಮುಗಿಸಲು ಎಷ್ಟು ನಿಮಿಷ ಹಿಡಿಯಿತು ಎಂದು ದಿನವೂ ಬರೆದಿಡಿ. ಫ್ರಂಟ್ ಆಫೀಸಿನಲ್ಲಿ ಸಾಫ್ಟ್‌ವೇರು ಮುಟ್ಟಲು ಕೊಡದಿದ್ದರೂ ಹಿಂದೆ ನಿಂತು ನೋಡಿ. ದೊಡ್ಡ ಹೋಟೆಲುಗಳಲ್ಲಿ ಸಾಮಾನ್ಯವಾಗಿ ಒಪೆರಾ, ಹಲವು ಕಡೆ ನಮ್ಮ ಬೆಂಗಳೂರಿನದ್ದೇ ಆದ ಐಡಿಎಸ್ ನೆಕ್ಸ್ಟ್ ಇರುತ್ತದೆ.

ಟ್ರೇನಿಯಾದರೂ ಕೆಲವು ಹಕ್ಕುಗಳಿವೆ. ಡ್ಯೂಟಿ ಊಟ, ವಾರದ ರಜೆ, ಕೈ ಸುಟ್ಟರೆ ಚಿಕಿತ್ಸೆ ಇವನ್ನು ಕೇಳಲು ಅಂಜಬೇಡಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾನೂನು ಹೇಳುತ್ತದೆ; ಅದು ಟ್ರೇನಿಗಳಿಗೂ ಅನ್ವಯ. ಸಮಿತಿಯವರ ಹೆಸರು ಸ್ಟಾಫ್ ನೋಟಿಸ್ ಬೋರ್ಡಿನಲ್ಲಿ ಇರಬೇಕು. ಮಗಳನ್ನು ಕಳಿಸುವ ತಂದೆತಾಯಿ ರಾತ್ರಿ ಶಿಫ್ಟಿಗೆ ಗಾಡಿ ಇದೆಯೇ ಎಂದು ಎಚ್‌ಆರ್ ವಿಭಾಗಕ್ಕೆ ನೇರವಾಗಿ ಕೇಳಿ. ಒಳ್ಳೆಯ ಹೋಟೆಲಿನವರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.

8. ಮೊದಲ ಕೆಲಸ

ಕ್ಯಾಂಪಸ್ಸಿಗೆ ಬರುವ ದೊಡ್ಡ ಸಂಸ್ಥೆಗಳ ಮ್ಯಾನೇಜ್‌ಮೆಂಟ್ ಟ್ರೇನಿ ಆಯ್ಕೆ ಸಿಕ್ಕರೆ ಅದೃಷ್ಟ. ಒಬೆರಾಯ್ ಕಲಿಕಾ ಕೇಂದ್ರ 1966ರಿಂದ ನಡೆಯುತ್ತಿದೆ. ತಾಜ್, ಐಟಿಸಿ, ಮ್ಯಾರಿಯಟ್ ಎಲ್ಲರದ್ದೂ ಇಂಥ ಕಾರ್ಯಕ್ರಮಗಳಿವೆ. ಸಿಗದವರು ಕಿಚನ್ನಿನಲ್ಲಿ ಮೂರನೇ ದರ್ಜೆಯ ಕಮಿ (ಕೆಳಹಂತದ ಅಡುಗೆಯವರು), ರೆಸ್ಟೊರೆಂಟಿನಲ್ಲಿ ಸ್ಟೀವರ್ಡ್, ರಿಸೆಪ್ಷನ್ನಿನಲ್ಲಿ ಅಸೋಸಿಯೇಟ್ ಆಗಿ ಆರಂಭಿಸುತ್ತಾರೆ. ನಾನೂ ಹಾಗೇ ಆರಂಭಿಸಿದವನು. ಕಮಿಯಿಂದ ಡೆಮಿ, ಅಲ್ಲಿಂದ ಸಿಡಿಪಿ (ಒಂದು ಸೆಕ್ಷನ್ ನೋಡಿಕೊಳ್ಳುವ ಶೆಫ್), ಸೂ ಶೆಫ್, ಕೊನೆಗೆ ಎಕ್ಸಿಕ್ಯುಟಿವ್ ಶೆಫ್ ಎಂಬ ಏಣಿಯಲ್ಲಿ ಮೆಟ್ಟಿಲು ಹಾರಿದವರ ಕೈ ಸರ್ವಿಸಿನ ಹೊತ್ತಿನಲ್ಲಿ ನಡುಗುವುದನ್ನು ನೋಡಿದ್ದೇನೆ.

ಆಫರ್ ಲೆಟರಿನಲ್ಲಿ ಕೈಗೆ ಬರುವ ಸಂಬಳ, ಪಿಎಫ್, ಇಎಸ್‌ಐ, ವಸತಿ ಎಲ್ಲ ಬಿಡಿಸಿ ಬರೆದಿರಬೇಕು. ತಿಂಗಳ ಸಂಬಳ 21,000 ರೂಪಾಯಿವರೆಗೆ ಇರುವವರಿಗೆ ಇಎಸ್‌ಐ ಸಿಗುತ್ತದೆ. "ಸರ್ವಿಸ್ ಚಾರ್ಜಿನಲ್ಲಿ ಇಷ್ಟು ಬರುತ್ತದೆ" ಎಂಬ ಮಾತಿನ ಮೇಲೆ ಮನೆ ಬಾಡಿಗೆ ಲೆಕ್ಕ ಹಾಕಬೇಡಿ. ಬಿಲ್ಲಿಗೆ ಸರ್ವಿಸ್ ಚಾರ್ಜನ್ನು ತಾನಾಗಿ ಸೇರಿಸಬಾರದೆಂದು ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರಲ್ಲಿ ಅದನ್ನು ಎತ್ತಿಹಿಡಿದಿದೆ. ಗ್ಯಾರಂಟಿ ಸಂಬಳ ಎಷ್ಟು ಎಂಬುದನ್ನೇ ಕೇಳಿ. ಸಾವಿರ ರೂಪಾಯಿ ಹೆಚ್ಚೆಂದು ಆರು ತಿಂಗಳಿಗೊಮ್ಮೆ ಹೋಟೆಲು ಬದಲಿಸುವುದು ಬೇಡ. ಮೊದಲ ಜಾಗದಲ್ಲಿ ಒಂದೂವರೆ ಎರಡು ವರ್ಷ ನಿಂತವರ ಅರ್ಜಿಯನ್ನು ನಾವು ಮೊದಲು ತೆರೆದು ನೋಡುತ್ತಿದ್ದೆವು.

9. ಕೆಲಸದಲ್ಲಿದ್ದುಕೊಂಡೇ ಬೆಳೆಯುವುದು

ಆಹಾರ ಸುರಕ್ಷತೆಯ ಫಾಸ್ಟ್ಯಾಕ್ ತರಬೇತಿಯನ್ನು ಮೊದಲ ವರ್ಷದಲ್ಲೇ ಮುಗಿಸಿ. ಲೈಸೆನ್ಸ್ ಇರುವ ಆಹಾರೋದ್ಯಮಗಳು ಪ್ರತಿ 25 ಆಹಾರ ಕೆಲಸಗಾರರಿಗೆ ಒಬ್ಬ ತರಬೇತಾದ ಮೇಲ್ವಿಚಾರಕರನ್ನು ಇಟ್ಟುಕೊಳ್ಳಬೇಕೆಂದು ಎಫ್‌ಎಸ್‌ಎಸ್‌ಎಐ ಹೇಳುತ್ತದೆ, ಹಾಗಾಗಿ ಈ ಸಣ್ಣ ಪ್ರಮಾಣಪತ್ರಕ್ಕೆ ನಿಜವಾದ ಬೆಲೆ ಇದೆ. ಬಿಡುವಿನ ಹೊತ್ತಿನಲ್ಲಿ ಪಕ್ಕದ ವಿಭಾಗದಲ್ಲಿ ನಿಲ್ಲುವ ಕ್ರಾಸ್ ಟ್ರೇನಿಂಗ್ ಕೇಳಿ. ಕಿಚನ್ನಿನವರು ಸ್ಟೋರ್ಸಿಗೆ ಹೋಗಿ ಫುಡ್ ಕಾಸ್ಟ್ ಲೆಕ್ಕ ಕಲಿಯಿರಿ. ಸಿಡಿಪಿಯಿಂದ ಮೇಲಕ್ಕೆ ಹೋಗಲು ಬೇಕಾಗುವುದು ಆ ಲೆಕ್ಕ. ಎಕ್ಸೆಲ್ ಬಾರದವರು ಕಲಿಯಲೇಬೇಕು. ಬೆಂಗಳೂರಿನಲ್ಲಿದ್ದರೆ ಫ್ರೆಂಚಿಗೆ ಅಲಿಯಾನ್ಸ್ ಫ್ರಾನ್ಸೆಸ್, ಜರ್ಮನ್‌ಗೆ ಮ್ಯಾಕ್ಸ್ ಮುಲ್ಲರ್ ಭವನ ಇವೆ.

ಎಲ್ಲಕ್ಕಿಂತ ಹೆಚ್ಚಾಗಿ, ಮನೆಯ ಅಡುಗೆಯನ್ನು ಮರೆಯಬೇಡಿ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯ 'ಕರಾವಳಿ' ರೆಸ್ಟೊರೆಂಟು 1990ರಲ್ಲಿ ಶುರುವಾದಾಗ ಕರಾವಳಿಯ, ಕೊಡಗಿನ ಮನೆ ಅಡುಗೆಗಳನ್ನೇ ದೊಡ್ಡ ಹೋಟೆಲಿನ ತಟ್ಟೆಗೆ ತಂದಿತು. ಕೊಡಗಿನವರಾದ ಶೆಫ್ ನರೇನ್ ತಿಮ್ಮಯ್ಯ ದಶಕಗಳ ಕಾಲ ಅದನ್ನು ನಡೆಸಿದರು. ಅದೇ ಕಿಚನ್ನಿನಿಂದ ಲಂಡನ್ನಿಗೆ ಹೋದ ಶೆಫ್ ಶ್ರೀರಾಮ್ ಆಯ್ಲೂರ್ ಅವರ ಕ್ವಿಲಾನ್ ರೆಸ್ಟೊರೆಂಟಿಗೆ 2008ರಲ್ಲಿ ಮಿಶೆಲಿನ್ ನಕ್ಷತ್ರ ಬಂತು. ಅಜ್ಜಿ ಮಾಡುವ ಪತ್ರೊಡೆ, ಜೋಳದ ರೊಟ್ಟಿಗೆ ಎಣ್ಣೆಗಾಯಿ, ಬಸ್ಸಾರು, ಪಂದಿ ಕರಿಗೆ ಕಾಚಂಪುಳಿ ಹಾಕುವ ಹದ ಇವನ್ನೆಲ್ಲ ಊರಿಗೆ ಹೋದಾಗ ಅಳತೆ ಹಾಕಿ ಬರೆದುಕೊಂಡು ಬನ್ನಿ. ಪಾಸ್ತಾ ಮಾಡುವವರು ಊರೆಲ್ಲ ಇದ್ದಾರೆ, ಇದನ್ನು ಬಲ್ಲವರು ನಿಮ್ಮ ಹೋಟೆಲಿನಲ್ಲಿ ನೀವೊಬ್ಬರೇ ಇರಬಹುದು.

10. ಹೋಟೆಲಿನ ಗೋಡೆಯಾಚೆ: ಪ್ರವಾಸದ ಕೆಲಸಗಳು

ನಾಲ್ಕು ಗೋಡೆಯೊಳಗೆ ಇರಲಾರದವರಿಗೆ ಇದು. ಪ್ರವಾಸೋದ್ಯಮ ಕಲಿಸುವ ಕೇಂದ್ರ ಸರ್ಕಾರದ ಸಂಸ್ಥೆ ಐಐಟಿಟಿಎಂ 1983ರಲ್ಲಿ ಆರಂಭವಾಯಿತು, ಅದರ ಮುಖ್ಯ ಕ್ಯಾಂಪಸ್ಸು ಗ್ವಾಲಿಯರಿನಲ್ಲಿದೆ. ನಮಗೆ ಹತ್ತಿರದವು ನೆಲ್ಲೂರು ಮತ್ತು ಗೋವಾ. ಪ್ರವಾಸೋದ್ಯಮದಲ್ಲಿ ಬಿಬಿಎ, ಎಂಬಿಎ ಇವೆ. ಟ್ರಾವೆಲ್ ಏಜೆನ್ಸಿ ಕಡೆ ಹೋಗುವವರು ಅಮೆಡಿಯಸ್, ಗೆಲಿಲಿಯೊದಂಥ ಟಿಕೆಟ್ ವ್ಯವಸ್ಥೆ ಕಲಿತಿರಬೇಕು.

ಗೈಡ್ ಕೆಲಸವನ್ನು ನಾವು ಕಡೆಗಣಿಸಿದ್ದೇವೆ ಎಂಬುದು ನನ್ನ ಕೊರಗು. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ, ಪಶ್ಚಿಮ ಘಟ್ಟ 2012ರಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಇಷ್ಟೆಲ್ಲ ಇದ್ದೂ ಶಾಸನ ಓದಿ, ಇತಿಹಾಸ ತಿಳಿದು, ವಿದೇಶಿ ಭಾಷೆಯಲ್ಲಿ ವಿವರಿಸಬಲ್ಲ ಗೈಡುಗಳು ಕಡಿಮೆ. ಇತಿಹಾಸದಲ್ಲಿ ಬಿಎ ಮಾಡಿ ಕೆಲಸ ಹುಡುಕುತ್ತಿರುವ ಹೊಸಪೇಟೆಯ, ಬಾದಾಮಿಯ, ಹಾಸನದ ಮಕ್ಕಳಿಗೆ ಇದು ಮನೆ ಬಾಗಿಲಿನ ಕೆಲಸ. ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಗೆ ಹೋಗಿ ಮಾನ್ಯತೆ ಪಡೆದ ಗೈಡ್ ತರಬೇತಿ ಮುಂದೆ ಯಾವಾಗ ಎಂದು ಹೆಸರು ಬರೆಸಿ. ಕೇಂದ್ರ ಸಚಿವಾಲಯದ ಆನ್‌ಲೈನ್ ಟೂರಿಸ್ಟ್ ಫೆಸಿಲಿಟೇಟರ್ ಕೋರ್ಸೂ ಇದೆ. ಕಾಡು ಇಷ್ಟವಾದವರಿಗೆ ನ್ಯಾಚುರಲಿಸ್ಟ್ ಕೆಲಸ, ಅಂದರೆ ಪ್ರವಾಸಿಗರಿಗೆ ಕಾಡು ತೋರಿಸಿ ವಿವರಿಸುವುದು. 1980ರಲ್ಲಿ ಸ್ಥಾಪನೆಯಾದ ಸರ್ಕಾರಿ ಜಂಗಲ್ ಲಾಡ್ಜಸ್ ಸಂಸ್ಥೆ ಕಬಿನಿಯಲ್ಲಿ ಈ ಬಗೆಯ ಪ್ರವಾಸಕ್ಕೆ ದಾರಿ ಹಾಕಿಕೊಟ್ಟಿತು. ಹಕ್ಕಿ, ಮರ, ಹೆಜ್ಜೆಗುರುತುಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೆಸರಿಸಲು ಕಲಿಯುವುದರಿಂದ ಆರಂಭಿಸಿ.

11. ಹಡಗು, ಕೊಲ್ಲಿ ದೇಶ

ಎರಡು ವರ್ಷದ ಅನುಭವ ಆದ ಮೇಲೆ ಮಾತ್ರ. ಕ್ರೂಸ್ ಹಡಗಿಗೆ ಎಸ್‌ಟಿಸಿಡಬ್ಲ್ಯೂ ಸುರಕ್ಷತಾ ತರಬೇತಿ, ನಾವಿಕರಿಗೆ ಕೊಡುವ ಸಿಡಿಸಿ ಪುಸ್ತಕ, ವೈದ್ಯಕೀಯ ಪರೀಕ್ಷೆ ಬೇಕು. ಸೇರಿಸುವ ಏಜೆಂಟರಿಗೆ ಕೇಂದ್ರ ಹಡಗು ನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಪರವಾನಗಿ ಇರಬೇಕು. ದುಬೈ, ಕತಾರ್, ಸೌದಿಗೆ ಹೋಗುವವರು ಏಜೆಂಟರ ಹೆಸರನ್ನು ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಹುಡುಕಿ ನೋಡಿ. ಎಸ್ಸೆಸ್ಸೆಲ್ಸಿ ಪಾಸಾದವರು ಪಾಸ್‌ಪೋರ್ಟ್ ಮಾಡಿಸುವಾಗಲೇ ಅಂಕಪಟ್ಟಿ ಕೊಟ್ಟರೆ 'ವಲಸೆ ಅನುಮತಿ ಬೇಕು' ಎಂಬ ಮುದ್ರೆ ಬೀಳುವುದಿಲ್ಲ. ಮುದ್ರೆ ಬಿದ್ದ ಪಾಸ್‌ಪೋರ್ಟಿನವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗಲು ಬೇರೆ ಅನುಮತಿ ತೆಗೆದುಕೊಳ್ಳಬೇಕು. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸೋಣ ಎನ್ನುವವರ ಮಾತು ಕೇಳಬೇಡಿ. ಕರಾರು ಪತ್ರ ಕೈಗೆ ಬರುವ ಮೊದಲೇ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಹೊರಡುವ ದಿನ ಮನೆಯಲ್ಲಿ ಒಂದು ಫೈಲು ಬಿಟ್ಟು ಹೋಗಿ. ಪಾಸ್‌ಪೋರ್ಟ್ ಪ್ರತಿ, ಕರಾರಿನ ಪ್ರತಿ, ಹೋಟೆಲಿನ ವಿಳಾಸ, ಏಜೆಂಟರ ರಸೀದಿ, ಆ ದೇಶದ ಭಾರತೀಯ ರಾಯಭಾರ ಕಚೇರಿಯ ನಂಬರು. ಎಲ್ಲವನ್ನೂ ಅಮ್ಮನಿಗೆ ಒಮ್ಮೆ ತೋರಿಸಿ, ಯಾವ ಕಪಾಟಿನಲ್ಲಿದೆ ಎಂದು ಹೇಳಿ ಬಸ್ಸು ಹತ್ತಿ.